ಸಾಂಬಾರ್ ನಮ್ಮ ಜನ್ಮಸಿದ್ಧ ಹಕ್ಕು

ಚಿನ್ನದ ರೇಟು ಎಷ್ಟೇ ಏರಲಿ, ಬೆಂಗಳೂರಿನವರು ತಡೆದುಕೊಳ್ಳುತ್ತಾರೆ. ಸೈಟಿನ ಬೆಲೆ, ಸ್ಕೂಲ್ ಫೀಸು, ಮೆಟ್ರೋ ಟಿಕೆಟ್ಟು ಏರಿದರೆ ನಾಲ್ಕು ದಿನ ಗೊಣಗಿ ಸುಮ್ಮನಾಗುತ್ತಾರೆ. ಆದರೆ ಬೀದಿ ಮೂಲೆಯ ಹೋಟೆಲಿನಲ್ಲಿ ಕಾಫಿಗೆ ಎರಡು ರೂಪಾಯಿ ಜಾಸ್ತಿಯಾಯಿತೋ, ಮುಗಿಯಿತು. ಟಿವಿಯವರು ಮೈಕ್ ಹಿಡಿದು ಓಡಿ ಬರುತ್ತಾರೆ. ಕೆಳಗೆ ಕೆಂಪು ಪಟ್ಟಿ ಓಡುತ್ತದೆ: ‘ಗ್ರಾಹಕರ ಜೇಬಿಗೆ ಕತ್ತರಿ!’ ಲೋಟ ಹಿಡಿದ ಒಬ್ಬರು ಕ್ಯಾಮೆರಾ ನೋಡಿಕೊಂಡು, “ಮಿಡಲ್ ಕ್ಲಾಸ್‌ನವರು ಬದುಕೋದು ಹೇಗೆ ಸಾರ್?” ಎಂದು ಕೇಳುತ್ತಾರೆ. ಇನ್ನೊಂದು ಕೈಯಲ್ಲಿ ಕಾರಿನ ಕೀ ಇರುತ್ತದೆ. ಕಾರು ಹೋಟೆಲಿನ ಬಾಗಿಲಿಗೇ ಅಡ್ಡ ನಿಂತಿರುತ್ತದೆ.

2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತಲ್ಲ, ಆಗ ನಮ್ಮ ಏರಿಯಾದ ಹೋಟೆಲಿನವರು ಗಲ್ಲಾದ ಮುಂದೆ ಒಂದು ಚೀಟಿ ಅಂಟಿಸಿದರು. ಹಾಲು, ಕಾಫಿ ಪುಡಿ ದುಬಾರಿಯಾಗಿದೆ, ದಯವಿಟ್ಟು ಸಹಕರಿಸಿ ಅಂತ. ಸಹಕಾರ ಚೆನ್ನಾಗೇ ಸಿಕ್ಕಿತು. ಅದುವರೆಗೆ ಒಬ್ಬೊಬ್ಬರೇ ಒಂದೊಂದು ಕಾಫಿ ಕುಡಿಯುತ್ತಿದ್ದವರು ಬೈ ಟು ಹೇಳಲು ಶುರು ಮಾಡಿದರು. ಆ ಬೈ ಟು ಲೋಟಗಳೂ ತುಂಬಿರಬೇಕು ಅನ್ನುವುದು ಬೇರೆ ಮಾತು.

ಇದು ಮನೆಯವರೇ ನಡೆಸುವ ಹೋಟೆಲ್. ಕುಂದಾಪುರದ ಕಡೆಯಿಂದ ಬಂದ ಅಪ್ಪ ಶುರು ಮಾಡಿದ್ದು, ಈಗ ಮಗ ಗಲ್ಲಾದಲ್ಲಿ ಕೂರುತ್ತಾರೆ. ಅವರ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ಚಟ್ನಿಯ ಉಪ್ಪು ನೋಡುತ್ತಾರೆ. ಇಂಥ ಹೋಟೆಲ್ ಎಂದರೆ ನಮಗೆ ತುಂಬಾ ಅಭಿಮಾನ. ಅಭಿಮಾನ ಇರುವ ಕಡೆ ದುಡ್ಡಿನ ಮಾತು ಯಾಕೆ ಅನ್ನುವುದು ನಮ್ಮ ನಿಲುವು.

ಇಲ್ಲಿಗೆ ದಿನಾ ಬರುವ ಒಬ್ಬ ಹಿರಿಯರಿದ್ದಾರೆ. ದೊಡ್ಡ ಹುದ್ದೆಯಿಂದ ರಿಟೈರ್ ಆದವರು. ಸಪ್ಲೈಯರ್ ಹುಡುಗರು ಅವರನ್ನು ಬೆನ್ನ ಹಿಂದೆ ‘ಸಾಂಬಾರ್ ಸಾಹೇಬರು’ ಎನ್ನುತ್ತಾರೆ. ಅವರು ಇಡ್ಲಿ ವಡೆ ತಿನ್ನುವುದನ್ನು ಒಮ್ಮೆ ಕೂತು ನೋಡಬೇಕು. “ಸಾಂಬಾರ್ ಸಪರೇಟ್” ಎಂದು ಮೊದಲೇ ಹೇಳಿರುತ್ತಾರೆ. ಬಟ್ಟಲು ಬಂದ ಕೂಡಲೇ ಇಡ್ಲಿಯನ್ನು ಮುಟ್ಟುವುದಿಲ್ಲ, ಸಾಂಬಾರನ್ನು ಎತ್ತಿ ಕುಡಿದುಬಿಡುತ್ತಾರೆ. ಎರಡನೇ ಬಟ್ಟಲು ಇಡ್ಲಿಯ ಮೇಲೆ. ಮೂರನೆಯದಕ್ಕೆ “ಸ್ವಲ್ಪ ಬಿಸಿದು ತಗೊಂಡ್ ಬಾರಪ್ಪ” ಎಂಬ ತಿದ್ದುಪಡಿ. ಅಷ್ಟು ಹೊತ್ತಿಗೆ ತಟ್ಟೆಯಲ್ಲಿ ಉಳಿದಿರುವುದು ಹೆಬ್ಬೆಟ್ಟಿನಷ್ಟು ಇಡ್ಲಿ. ಅದನ್ನು ಮಾತ್ರ ತಿನ್ನುವುದಿಲ್ಲ. ತಟ್ಟೆಯ ಅಂಚಿಗೆ ಸರಿಸಿ ಜೋಪಾನ ಮಾಡುತ್ತಾರೆ. ಅದು ದಾಖಲೆ. ಆ ತುಂಡು ಇರುವ ತನಕ ಸಾಂಬಾರಿನ ಮೇಲೆ ಅವರ ಹಕ್ಕು ಊರ್ಜಿತ. ನಾಲ್ಕನೇ ಬಟ್ಟಲು ಮುಗಿಸಿ, ಕೈ ತೊಳೆದು ಬಂದು, ಗಲ್ಲಾದಲ್ಲಿ ಹೇಳುತ್ತಾರೆ: “ಸಾಂಬಾರಿನಲ್ಲಿ ಬೇಳೆನೇ ಇರ್ಲಿಲ್ವಲ್ರೀ ಇವತ್ತು. ನಿಮ್ಮ ತಂದೆ ಕಾಲದಲ್ಲಿ ಹೀಗಿರ್ಲಿಲ್ಲ.”

ಆಮೇಲೆ ಬಿಲ್ಲು. “ಇಡ್ಲಿಗೂ ಜಿಎಸ್‌ಟಿನಾ?” ಎಂದು ಸಾಹೇಬರು ದಿನಾ ಹೊಸದಾಗಿ ಆಶ್ಚರ್ಯಪಡುತ್ತಾರೆ. ಸಾಮಾನ್ಯ ಹೋಟೆಲ್ ಊಟ ತಿಂಡಿಗೆ 5 ಪರ್ಸೆಂಟ್ ಅಂತ ಆಗಿದ್ದು 2017ರ ನವೆಂಬರ್‌ನಲ್ಲಿ. ಹಾಗೆ ವಸೂಲಾದ ದುಡ್ಡು ಹೋಟೆಲಿನವರ ಜೇಬಿಗೆ ಹೋಗುವುದಿಲ್ಲ. ಅಷ್ಟೇ ಅಲ್ಲ, ಹೋಟೆಲಿನ ಸಿಲಿಂಡರಿಗೆ ಅವರು 18 ಪರ್ಸೆಂಟ್ ಕಟ್ಟುತ್ತಾರೆ. ಆ ತೆರಿಗೆಯನ್ನು ಇದರಲ್ಲಿ ವಜಾ ಮಾಡಿಕೊಳ್ಳುವ ಹಾಗೂ ಇಲ್ಲ. ಇದನ್ನೆಲ್ಲ ಗಲ್ಲಾದವರು ಒಮ್ಮೆ ವಿವರಿಸಿ ನೋಡಿದರು. ಸಾಹೇಬರು ಗಮನವಿಟ್ಟು ಕೇಳಿ, “ಅದೆಲ್ಲ ಸರಿ, ಎರಡು ರೂಪಾಯಿ ಬಿಡಿ” ಎಂದರು.

ಇದೇ ಸಾಹೇಬರು ಭಾನುವಾರ ಮೊಮ್ಮಕ್ಕಳ ಜೊತೆ ಮಾಲ್‌ಗೆ ಹೋಗುತ್ತಾರೆ. ಅಲ್ಲಿ ತಾವೇ ಕ್ಯೂ ನಿಲ್ಲುತ್ತಾರೆ. ಮುನ್ನೂರು ರೂಪಾಯಿ ಕೊಟ್ಟು ಕಾಫಿಯನ್ನು ತಾವೇ ತಂದುಕೊಳ್ಳುತ್ತಾರೆ. ಕುಡಿದ ಲೋಟವನ್ನು ತಾವೇ ಕಸದ ಬುಟ್ಟಿಗೆ ಹಾಕಿ, ಹುಡುಗನಿಗೆ ಥ್ಯಾಂಕ್ಯೂ ಬೇರೆ ಹೇಳುತ್ತಾರೆ. ಎರಡನೇ ಲೋಟಕ್ಕೆ ಬಿಸಿ ಡಿಕಾಕ್ಷನ್ ಹಾಕಿ ಕೊಡಪ್ಪ ಎಂದು ಕೇಳುವ ಧೈರ್ಯ ಅಲ್ಲಿ ಬರುವುದಿಲ್ಲ. ಎಸಿ ರೆಸ್ಟೋರೆಂಟಿನವರು ಬಿಲ್ಲಿನ ಬುಡದಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದಾಗಲೂ ಅಷ್ಟೇ. ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡು ಕೊಟ್ಟೆವು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ಪ್ರಾಧಿಕಾರ ‘ಬಲವಂತವಾಗಿ ಸೇರಿಸುವಂತಿಲ್ಲ’ ಎಂದಿತು. ರೆಸ್ಟೋರೆಂಟಿನವರು ಕೋರ್ಟಿಗೆ ಹೋದರು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅಲ್ಲಿ ಬಾಯಿ ಬಿಡಲು ಪ್ರಾಧಿಕಾರ ಬೇಕು, ಹೈಕೋರ್ಟ್ ಬೇಕು. ನಾಲ್ಕನೇ ಬಟ್ಟಲು ಸಾಂಬಾರಿಗೆ ಯಾವ ಕೋರ್ಟೂ ಬೇಡ.

ಮಳೆ ಬಂದ ದಿನ ಮನೆಯಲ್ಲೇ ಕೂತು ಆ್ಯಪ್‌ನಲ್ಲಿ ತರಿಸಿಕೊಳ್ಳುವವರದು ಇನ್ನೊಂದು ಕಥೆ. ಅದೇ ಹೋಟೆಲಿನ ಅದೇ ಮಸಾಲೆ ದೋಸೆ. ಆ್ಯಪ್‌ನಲ್ಲಿ ರೇಟು ಜಾಸ್ತಿ. ಪ್ಯಾಕಿಂಗ್, ಡೆಲಿವರಿ, ಪ್ಲಾಟ್‌ಫಾರ್ಮ್ ಫೀ ಎಲ್ಲ ಬೇರೆ. ಕಣ್ಣು ಮುಚ್ಚಿಕೊಂಡು ಬಟನ್ ಒತ್ತುತ್ತೇವೆ, ಒಂದು ಗೊಣಗಾಟ ಇಲ್ಲ. ದೋಸೆ ಪೇಪರ್‌ನಲ್ಲಿ ಬೆವತು, ಮೂರು ಸಿಗ್ನಲ್ ದಾಟಿ, ಮೆತ್ತಗಾಗಿ ಬರುತ್ತದೆ. ಆಗ ಸಿಟ್ಟು ಬರುತ್ತದೆ. ಯಾರ ಮೇಲೆ? ಹೋಟೆಲಿನ ಮೇಲೆ. ‘ದೋಸೆ ಗರಿಗರಿ ಇರಲಿಲ್ಲ, ಒಂದು ಸ್ಟಾರ್.’ ಇನ್ನೊಬ್ಬರು ಪಾರ್ಕಿಂಗ್ ಇಲ್ಲ ಎಂದು ಒಂದು ಸ್ಟಾರ್ ಕೊಟ್ಟಿದ್ದಾರೆ. ಮತ್ತೊಬ್ಬರದು ‘ರುಚಿ ಅದ್ಭುತ, ಆದರೆ ತುಂಬಾ ರಶ್’ ಎಂದು ಎರಡು ಸ್ಟಾರ್. ಆ ರಶ್‌ನಲ್ಲಿ ತಾವೂ ಒಬ್ಬರು ಎಂಬುದು ಅವರ ಗಮನಕ್ಕೆ ಬಂದ ಹಾಗಿಲ್ಲ. ಬೇರೆಯವರು ತಿನ್ನುವಾಗ ಅವರ ಕುರ್ಚಿಯ ಹಿಂದೆ, ಕತ್ತಿನ ಮೇಲೆ ಉಸಿರು ಬಿಡುತ್ತಾ, ಕೊನೆಯ ತುತ್ತಿಗೆ ಕಾದು ನಿಂತಿದ್ದವರೂ ಇವರೇ.

ಹಾಗಾದರೆ ಸರ್ಕಾರವೇ ರೇಟು ಕಟ್ಟಿಹಾಕಲಿ ಎನ್ನುವವರಿದ್ದಾರೆ. ಅದೂ ಆಗಿದೆ ಸ್ವಾಮಿ. 1975ರ ತುರ್ತುಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಗೆ ಸರ್ಕಾರ ಕಡಿಮೆ ರೇಟು ಗೊತ್ತು ಮಾಡಿತು. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನವರಿಗೆ ಆ ದರದಲ್ಲಿ ತಮ್ಮ ಗುಣಮಟ್ಟ ಕಾಯ್ದುಕೊಳ್ಳಲು ಆಗಲಿಲ್ಲ. 1924ರಲ್ಲಿ ಶುರುವಾದ ಹೋಟೆಲ್ ಅದು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾಗ ರವೆಯಲ್ಲಿ ಇಡ್ಲಿ ಮಾಡಿ ತೋರಿಸಿದವರು. ಯುದ್ಧ ಗೆದ್ದವರು ಸರ್ಕಾರಿ ರೇಟಿಗೆ ಸೋತರು. ಹೋಟೆಲ್ ಮುಚ್ಚಿ ಪುಡಿ, ಮಿಕ್ಸ್ ಪ್ಯಾಕೆಟ್ ಮಾರಲು ಇಳಿದರು. ಹೋಟೆಲ್ ಆಮೇಲೆ ಮತ್ತೆ ತೆರೆಯಿತು, ಈಗಲೂ ಮನೆಯವರ ಕೈಯಲ್ಲೇ ಇದೆ. ಪ್ಯಾಕೆಟ್ ವ್ಯಾಪಾರವನ್ನು ಮಾತ್ರ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಕೊಂಡಿತು. ಬಡವರಿಗೆ ಅಗ್ಗದ ಇಡ್ಲಿ ಕೊಡಲು ಹೊರಟ ಸರ್ಕಾರ ಕೊನೆಗೆ ಇಡ್ಲಿ ಮಿಕ್ಸನ್ನು ನಾರ್ವೆಗೆ ತಲುಪಿಸಿತು. ಯೋಜನೆ ಎಂದರೆ ಇದು.

ಇನ್ನು ಹೋಟೆಲ್ ಮುಚ್ಚುವ ಸುದ್ದಿ ಬಂದರೆ ನಮ್ಮ ಪ್ರೀತಿ ನೋಡಬೇಕು. 1954ರಿಂದ ಇದ್ದ ಮಲ್ಲೇಶ್ವರದ ನ್ಯೂ ಕೃಷ್ಣ ಭವನ 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿದಾಗ ಊರಿಗೆ ಊರೇ ಕಣ್ಣೀರಿಟ್ಟಿತು. ಬಟನ್ ಇಡ್ಲಿಯ ಹಳೇ ಫೋಟೋಗಳು ಎಲ್ಲರ ಫೋನಿನಲ್ಲೂ ಓಡಾಡಿದವು. ‘ಬೆಂಗಳೂರಿನ ಆತ್ಮವೇ ಹೋಯಿತು’ ಎಂದು ಬರೆದವರಲ್ಲಿ ಒಬ್ಬರನ್ನು ಕೇಳಿದೆ, ಕೊನೆಗೆ ಹೋಗಿದ್ದು ಯಾವಾಗ ಅಂತ. ಅವರು ಯೋಚನೆ ಮಾಡಿ, ಕಾಲೇಜಿನಲ್ಲಿದ್ದಾಗ ಎಂದರು. ಅವರ ಮಗಳು ಈಗ ಕಾಲೇಜಿನಲ್ಲಿದ್ದಾಳೆ.

ನಮ್ಮ ಮೂಲೆಯ ಹೋಟೆಲಿನಲ್ಲೂ ಮೊನ್ನೆ ಚೀಟಿ ಬದಲಾಯಿತು. ತಿಂಗಳ ಕೊನೆಗೆ ಹೋಟೆಲ್ ಮುಚ್ಚುತ್ತೇವೆ, ಇಷ್ಟು ವರ್ಷ ಬಂದಿದ್ದಕ್ಕೆ ಧನ್ಯವಾದ ಅಂತ. ಅವತ್ತಿನಿಂದ ಕಾಲಿಡಲು ಜಾಗ ಇಲ್ಲ. ಸೆಲ್ಫಿಗೆ ಗಲ್ಲಾದ ಮುಂದೆ ಬೇರೆ ಕ್ಯೂ. ಸಾಂಬಾರ್ ಸಾಹೇಬರು ನಿಜಕ್ಕೂ ನೊಂದಿದ್ದರು, ಅದರಲ್ಲಿ ಸುಳ್ಳಿಲ್ಲ. ಅವತ್ತು ಮೂರೇ ಬಟ್ಟಲಿಗೆ ನಿಲ್ಲಿಸಿದರು. ಕೈ ಒರೆಸಿಕೊಳ್ಳುತ್ತಾ ಗಲ್ಲಾಕ್ಕೆ ಬಂದು ತರಾಟೆಗೆ ತೆಗೆದುಕೊಂಡರು.

“ಏನ್ರೀ ಇದು ಅನ್ಯಾಯ? ಮಗ ಇದ್ದಾನಲ್ಲ, ನಡೆಸಿಕೊಂಡು ಹೋಗಬಾರದಾ?”

“ಅವನು ಕೆನಡಾದಲ್ಲಿ ಕೆಲಸದಲ್ಲಿದ್ದಾನೆ ಸಾರ್. ಚೆನ್ನಾಗಿ ಓದಿಸಿ, ಈ ತಾಪತ್ರಯಕ್ಕೆ ಹಾಕಬೇಡಿ ಅಂತ ನೀವೇ ಹೇಳ್ತಿದ್ರಲ್ಲ.”

“ಹೇಳ್ತಿದ್ದೆ, ಇಲ್ಲ ಅನ್ನಲ್ಲ. ಆದ್ರೂ ಈಗಿನ ಹುಡುಗರಿಗೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಿಟ್ಟು ರುಬ್ಬೋ ನಿಷ್ಠೆನೇ ಇಲ್ಲ ಬಿಡಿ. ನನ್ನ ಮಗನ್ನೇ ನೋಡಿ, ಆಸ್ಟಿನ್‌ನಲ್ಲಿ ಕೂತು ಈ ಹೋಟೆಲನ್ನ ಎಷ್ಟು ನೆನೆಸಿಕೊಳ್ತಾನೆ ಗೊತ್ತಾ?”

ಗಲ್ಲಾದವರು ಬಿಲ್ಲು ಹರಿದು ಕೊಟ್ಟರು. ಚಿಲ್ಲರೆ ಎಣಿಸಿಟ್ಟರು. ಎರಡು ರೂಪಾಯಿ ಅವರೇ ಬಿಟ್ಟಿದ್ದರು.

“ಹಾಗಿದ್ರೆ ಅವರನ್ನ ಕಳಿಸಿಕೊಡಿ ಸಾರ್. ಗ್ರೈಂಡರ್ ಇನ್ನೂ ಮಾರಿಲ್ಲ.”