60 ಕಿಲೋಮೀಟರಿಗೆ ಎಂಥ ಪ್ಯಾಕಿಂಗು?

ದಾವಣಗೆರೆಯ ನಿಟ್ಟುವಳ್ಳಿ ಬಿಟ್ಟು ಚಿತ್ರದುರ್ಗಕ್ಕೆ ಮನೆ ಬದಲಾಯಿಸುತ್ತೇವೆ ಅಂದಾಗ ಎಲ್ಲರದ್ದೂ ಒಂದೇ ಮಾತು. "ದುರ್ಗ ಇಲ್ಲೇ ಐತಲ್ಲ, 60 ಕಿಲೋಮೀಟರಿಗೆ ಎಂಥ ಪ್ಯಾಕಿಂಗು?" 1997ರವರೆಗೆ ಎರಡೂ ಒಂದೇ ಜಿಲ್ಲೆ, ಒಪ್ಪಿದೆ. ಆದರೆ ಗಾಜಿನ ಲೋಟಕ್ಕೆ ದೂರ ಹತ್ತಿರ ಗೊತ್ತಾಗುತ್ತಾ? ನಮ್ಮ ಮೂರು ಲೋಟ ಹೆದ್ದಾರಿಯಲ್ಲಿ ಒಡೆಯಲಿಲ್ಲ. ಹಳೇ ಮನೆಯ ಮೆಟ್ಟಿಲ ಮೇಲೇ ಒಡೆದವು.

ಪ್ಯಾಕಿಂಗ್‌ನವರನ್ನು ಕರೆಸಿದ್ದೆ. ಕೈ ಚುರುಕು, ಅದರಲ್ಲಿ ಎರಡು ಮಾತಿಲ್ಲ. ಎರಡು ಗಂಟೆಯಲ್ಲಿ ಅಡುಗೆಮನೆ ಖಾಲಿ. ಬಾಕ್ಸ್‌ಗಳ ಮೇಲೆ "ಕಿಚನ್ 1, ಕಿಚನ್ 2, ಕಿಚನ್ 3" ಅಂತ ಬರೆದರು. ನನ್ನ ತಕರಾರು ಇಲ್ಲೇ. ಅದು ಹೊರುವವರ ಲೆಕ್ಕ. ಬಿಚ್ಚುವವಳ ಲೆಕ್ಕ ಬೇರೆ: ಇವತ್ತು ರಾತ್ರಿಗೆ ಬೇಕು, ಈ ವಾರ ಬೇಕು, ದೀಪಾವಳಿವರೆಗೆ ಮುಟ್ಟೋದು ಬೇಡ. ಬಾಕ್ಸ್ ಮೇಲೆ ಬರೆಯಬೇಕಾದದ್ದು ಇದು, ಅಲ್ವಾ?

ಅವ್ವ ಮಾತ್ರ ತನ್ನ ಸಾಮಾನನ್ನು ಅವರಿಗೆ ಮುಟ್ಟಗೊಡಲಿಲ್ಲ. ಯಾವ ಪಾತ್ರೆಯೂ ಖಾಲಿ ಹೋಗಬಾರದು ಅನ್ನೋದು ಅವಳ ಕಾನೂನು. "ಕೊಳಗ ಬರೀದು ಕಳಿಸ್ತೀಯಲ್ಲೇ, ಅದೇನು ಜಾಗ ಹಿಡಿಯಲ್ವಾ?" ಕೊಳಗದೊಳಗೆ ಕುಕ್ಕರ್, ಕುಕ್ಕರ್‌ನೊಳಗೆ ಉಪ್ಪು, ಖಾರದಪುಡಿ, ಎಣ್ಣೆ ಬಾಟ್ಲಿ. ಸಂದಿಗೆಲ್ಲ ಒರೆಸುವ ಬಟ್ಟೆ. ಪಿಂಗಾಣಿ ತಟ್ಟೆಗಳ ನಡುವೆ ಹಳೇ ಸೀರೆ ತುಂಡು ಇಟ್ಟು, ಕಪಾಟಿನ ಪುಸ್ತಕದ ಹಾಗೆ ನಿಲ್ಲಿಸಿದಳು. ಮಲಗಿಸಿದರೆ ಮೇಲಿನ ಭಾರವೆಲ್ಲ ಅಡಿಯ ತಟ್ಟೆಗೇ ಅಲ್ವಾ. ಟಿವಿಗೆ ಚಳ್ಳಕೆರೆ ಕಂಬಳಿ. ಉಳಿದ ಗಾಜಿನ ಲೋಟಗಳ ಸುತ್ತ, ನಗಬೇಡಿ, ಮಂಡಕ್ಕಿ ತುಂಬಿದ ಕವರ್‌ಗಳು. ದಾವಣಗೆರೆ ಬಿಡುವವರು ಹೇಗೂ ಒಂದು ಚೀಲ ಮಂಡಕ್ಕಿ ಒಯ್ಯದೆ ಇರುತ್ತಾರಾ? ಆ ಬಾಕ್ಸ್‌ನಲ್ಲಿ ಒಂದೂ ಒಡೆಯಲಿಲ್ಲ.

ನಾನೋ, ಪುಸ್ತಕಗಳನ್ನೆಲ್ಲ ದೊಡ್ಡ ಬಾಕ್ಸ್‌ಗೆ ತುರುಕಿದ್ದೆ. ಎತ್ತಿದ ಕೂಡಲೇ ತಳ ಕಿತ್ತು ಬಂತು. ಪುಸ್ತಕಕ್ಕೆ ಸಣ್ಣ ಬಾಕ್ಸ್, ದಿಂಬಿಗೆ ದೊಡ್ಡದು. ಕಾಲಿನ ಬೆರಳು ಊದಿದ ಮೇಲೆ ಕಲಿತ ಪಾಠ.

ಗ್ಯಾಸ್ ಸಿಲಿಂಡರ್ ಗಾಡಿಗೆ ಹತ್ತಿಸಲಿಲ್ಲ. ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಏಜೆನ್ಸಿಗೆ ಒಪ್ಪಿಸಿ ವೋಚರ್ ಪಡೆದೆವು. ಅದನ್ನು ತೋರಿಸಿ ಹೊಸ ಊರಲ್ಲಿ ಕನೆಕ್ಷನ್ ತಗೋಬೇಕು. ಹಾಗಾಗಿ ಮೊದಲ ರಾತ್ರಿ ಮನೆಯಲ್ಲಿ ಒಲೆಯಿಲ್ಲ. ಪಕ್ಕದ ಮನೆಯವರು ಕರೆಂಟ್ ಒಲೆ ಕೊಟ್ಟರು, ಹಾಲು ಉಕ್ಕಿಸಿ ವಾಪಸ್ ಕೊಟ್ಟೆವು. ಊಟಕ್ಕೇನು ಗತಿ ಅಂತ ನಾನು ಬಾಕ್ಸ್‌ಗಳ ನಡುವೆ ನಿಂತಿದ್ದೆ. ಅವ್ವ ಲೋಟಗಳ ಸುತ್ತಲಿದ್ದ ಮಂಡಕ್ಕಿ ಕವರ್ ಬಿಚ್ಚಿ ಕೊಳಗಕ್ಕೆ ಸುರಿದಳು. ಎಣ್ಣೆ, ಉಪ್ಪು, ಖಾರದಪುಡಿ ಕುಕ್ಕರ್‌ನೊಳಗಿಂದಲೇ ಬಂದವು. ಈರುಳ್ಳಿಯನ್ನು ಮುಷ್ಟಿಯಲ್ಲಿ ಗುದ್ದಿ ಹಾಕಿದಳು.

ಚಾಕು ಇನ್ನೂ ಸಿಕ್ಕಿಲ್ಲ. ಕಿಚನ್ 2ರಲ್ಲಿ ಇರಬೇಕು.