ಬಿಟ್ಟಿ ಆಟಕ್ಕೂ ಬೈಗುಳ ಯಾಕೆ?

ಪುಣೆಯ ನಮ್ಮ ಫ್ಲ್ಯಾಟಿನಲ್ಲಿ ನಿನ್ನೆಯೂ ಅದೇ ರಗಳೆ. ‘ಬ್ಯಾಟಲ್ ಫಾರ್ ವೆಸ್ನಾತ್’ ಅನ್ನೋ ಬಿಟ್ಟಿ ಕಂಪ್ಯೂಟರ್ ಯುದ್ಧದಾಟ ಅಪ್‌ಡೇಟ್ ಆದ ಕೂಡಲೇ ಹುಡುಗರ ಬೈಗುಳ ಶುರು. ಆಟದೊಳಗಿನ ಯಾವುದೋ ಸೈನಿಕನ ಬೆಲೆ ಒಂದು ಚಿನ್ನದ ನಾಣ್ಯ ಜಾಸ್ತಿ ಆಯ್ತಂತೆ, ಆಟವೇ ಹಾಳಾಯ್ತಂತೆ!

ಮಿಸಳ್ ಜೊತೆ ಎಕ್ಸ್‌ಟ್ರಾ ಪಾವ್‌ಗೆ ತೆಪ್ಪಗೆ ದುಡ್ಡು ಕೊಡ್ತೀರಿ. ಈ ಆಟಕ್ಕೆ ಒಂದು ರೂಪಾಯಿ ಕೊಟ್ಟಿದ್ದೀರಾ? 2003ರಿಂದ ಸ್ವಯಂಸೇವಕರು ತಮ್ಮ ಬಿಡುವಿನಲ್ಲಿ ಕೂತು ಬಗ್ ಹುಡುಕಿ ಸರಿ ಮಾಡ್ತಿದ್ದಾರೆ. 2024ರಲ್ಲೂ 1.18 ಅನ್ನೋ ಹೊಸ ಆವೃತ್ತಿ ಬಂತು. ಅದು ಕಣ್ಣಿಗೆ ಬೀಳಲ್ವಾ?

ಈ ಆಟದಲ್ಲಿ ಮಂತ್ರವಾದಿಯ ಏಟು ತಗಲುವ ಸಾಧ್ಯತೆ ಶೇ 70. ಅಂದರೆ ಶೇ 30 ತಪ್ಪುತ್ತೆ, ಅಲ್ವಾ? ಎರಡು ಏಟು ತಪ್ಪಿದರೆ ಸಾಕು, ‘ಅಪ್‌ಡೇಟ್‌ನಲ್ಲಿ ಮೋಸ’ ಅಂತ ಕೂಗಾಟ. ಏನು ಬದಲಾಗಿದೆ ಅಂತ ಪಟ್ಟಿ ಬರೆದು ಕೊಟ್ಟಿರ್ತಾರೆ. ಅದನ್ನೊಮ್ಮೆ ಓದೋಕೆ ಏನು ಕಷ್ಟ ನಿಮಗೆ?