ಮಂಜಿನ ಫೋಟೋದಲ್ಲಿ ಆ ಜಾಗದ ಜನರೂ ಇರಲಿ

ನಮಗೂ ಮಂಜು ಅಂದ್ರೆ ಇಷ್ಟ. ನಸುಕಿಗೇ ಎದ್ದು ನಂದಿ ಬೆಟ್ಟಕ್ಕೋ ಮುಳ್ಳಯ್ಯನಗಿರಿಗೋ ಹೊರಡುತ್ತೇವೆ. ಅಲ್ಲಿ ತೆಗೆದ ಫೋಟೋ ನೋಡಿದರೆ ಮುಂದೆ ನಾವೆಲ್ಲ ಸಾಲಾಗಿ ನಿಂತಿರುತ್ತೇವೆ, ಹಿಂದೆ ಬರೀ ಬಿಳಿ. ನಾನೀಗ ಇರುವ ಇಂಗ್ಲೆಂಡಿನ ಯಾರ್ಕ್‌ಶೈರ್ ಕರಾವಳಿಯಲ್ಲಿ ಇದು ಪೂರ್ತಿ ಉಲ್ಟಾ. ಇಲ್ಲಿನ ಹವ್ಯಾಸಿಗಳು ಸ್ಟ್ಯಾಂಡ್ ಮೇಲೆ ಕ್ಯಾಮೆರಾ ಇಟ್ಟು, ದಾರಿಯಲ್ಲಿ ಹೋಗುವ ಕೊನೆಯ ಮನುಷ್ಯನೂ ಮರೆಯಾಗುವ ತನಕ ಕಾಯುತ್ತಾರೆ. ಆಮೇಲೆ ಕ್ಲಿಕ್. ಈ ಎರಡೂ ರೀತಿಯಲ್ಲಿ ಏನೋ ಒಂದು ತಪ್ಪಿಹೋಗುತ್ತಿದೆ ಅಂತ ನನಗೆ ಅನಿಸುತ್ತದೆ.

ವಿಟ್ಬಿ ಅಂತ ಒಂದು ಊರು. ಎಸ್ಕ್ ನದಿ ಉತ್ತರ ಸಮುದ್ರ ಸೇರುವ ಬಾಯಲ್ಲೇ ಬಂದರು. ಪೂರ್ವದ ಗುಡ್ಡಕ್ಕೆ 199 ಮೆಟ್ಟಿಲು ಹತ್ತಿದರೆ ಸೇಂಟ್ ಮೇರಿ ಚರ್ಚು, ಅದರ ಮೂಲ ಕಟ್ಟಡ 12ನೇ ಶತಮಾನದ್ದು. ಏಪ್ರಿಲ್‌ನಿಂದ ಸೆಪ್ಟೆಂಬರ್ ನಡುವೆ ಇಲ್ಲಿ ಸಮುದ್ರದಿಂದ ಮಂಜು ಬರುತ್ತದೆ. ಊರವರು ಅದನ್ನು ಸೀ ಫ್ರೆಟ್ ಅನ್ನುತ್ತಾರೆ. ಬೆಚ್ಚಗಿನ, ತೇವ ತುಂಬಿದ ಗಾಳಿ ತಣ್ಣನೆಯ ನೀರಿನ ಮೇಲೆ ಹಾದು ಬರುವಾಗ ತಂಪಾಗುತ್ತದೆ, ಅದರೊಳಗಿನ ತೇವ ಸಣ್ಣ ಹನಿಯಾಗುತ್ತದೆ. ಪೂರ್ವದ ಗಾಳಿ ಅದನ್ನೆಲ್ಲ ದಡಕ್ಕೆ ತಳ್ಳುತ್ತದೆ. ದಡದಿಂದ ನಾಲ್ಕು ಮೈಲಿ ಒಳನಾಡಿನಲ್ಲಿ ಒಳ್ಳೆ ಬಿಸಿಲು ಕಾಯುತ್ತಿದ್ದರೂ ಬಂದರಿನಲ್ಲಿ ಎದುರಿನ ದಡ ಕಾಣುವುದಿಲ್ಲ.

ಇಲ್ಲಿಯವರಿಂದ ನಾವು ಕಲಿಯಬೇಕಾದದ್ದು ತಾಳ್ಮೆ. ಮಂಜು ಫೋಟೋವನ್ನು ಕೆಡಿಸುತ್ತದೆ ಅಂತ ಇವರು ಅಂದುಕೊಳ್ಳುವುದೇ ಇಲ್ಲ. ಹತ್ತಿರದ ದೋಣಿಯ ಕಂಬ ಕಡುಗಪ್ಪು, ಅದರ ಹಿಂದಿನದು ಬೂದು, ಅದಕ್ಕೂ ಹಿಂದಿನದು ಇದೆಯೋ ಇಲ್ಲವೋ ಅನ್ನುವಷ್ಟು ತೆಳು. ದೂರ ಎಷ್ಟು ಅನ್ನುವುದನ್ನು ಮಂಜೇ ಅಳೆದು ತೋರಿಸುತ್ತದೆ. ಬಿಸಿಲಿದ್ದಾಗ ಆ ಮೂರೂ ಕಂಬಗಳು ಒಂದರ ಮೇಲೊಂದು ಬಿದ್ದು ಗೋಜಲಾಗುತ್ತವೆ. ಕ್ಯಾಮೆರಾ ಮಾತ್ರ ಇಲ್ಲಿ ಮೋಸ ಹೋಗುತ್ತದೆ. ಇಷ್ಟೊಂದು ಬಿಳಿ ಕಂಡು ಬೆಳಕು ಜಾಸ್ತಿ ಅಂತ ಲೆಕ್ಕ ಹಾಕಿ ಎಲ್ಲವನ್ನೂ ಮಂಕಾದ ಬೂದು ಮಾಡಿಬಿಡುತ್ತದೆ. ಅದಕ್ಕೆ ಎಕ್ಸ್‌ಪೋಷರ್ ಅನ್ನು, ಅಂದರೆ ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕನ್ನು, ಒಂದು ಸ್ಟಾಪ್‌ನಷ್ಟು (ಎರಡರಷ್ಟಕ್ಕೆ) ಏರಿಸಬೇಕು. ಫೋಕಸ್ ಕೂಡ ಗಾಳಿಯಲ್ಲಿ ತಡಕಾಡುತ್ತದೆ. ಕಂಬದ ಅಂಚನ್ನೋ ಹನಿ ಕೂತ ಹಗ್ಗವನ್ನೋ ಹಿಡಿದು ಕೊಟ್ಟರೆ ನಿಲ್ಲುತ್ತದೆ. ನಮ್ಮಲ್ಲಿ ಎಷ್ಟೋ ಜನ ಇಷ್ಟೆಲ್ಲ ಮಾಡಿ ತೆಗೆದ ಫೋಟೋವನ್ನೂ ಮನೆಗೆ ಬಂದು ಎಡಿಟಿಂಗ್ ಆ್ಯಪ್‌ನಲ್ಲಿ ಡೀಹೇಜ್ (ಮಸುಕು ತೆಗೆಯುವುದು) ಮಾಡಿ, ಇದ್ದ ಮಂಜನ್ನೇ ಒರೆಸಿಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ!

ಆದರೆ ಇಲ್ಲಿಯ ಖಾಲಿತನ ನನಗೆ ಒಗ್ಗುವುದಿಲ್ಲ. ದೋಣಿ ನಿಲ್ಲುವ ಖಾಲಿ ಧಕ್ಕೆ, ಖಾಲಿ ಬೆಂಚು, ಯಾರೂ ಇಲ್ಲದ ಚರ್ಚಿನ ಅಂಗಳ. ಒಂದೆರಡು ನೋಡಿದಾಗ ಚೆಂದ. ಎಲ್ಲರೂ ಅದನ್ನೇ ತೆಗೆಯುತ್ತಾ ಹೋದರೆ, ಆ ಊರಿನಲ್ಲಿ ಯಾರೂ ದುಡಿಯುತ್ತಲೇ ಇಲ್ಲವೇನೋ ಅನ್ನಿಸಿಬಿಡುತ್ತದೆ. ಬೆಳಿಗ್ಗೆ ಏಡಿ ಬುಟ್ಟಿಗಳನ್ನು ದೋಣಿಗೆ ಏರಿಸುವವರು ಅಲ್ಲೇ, ಚೌಕಟ್ಟಿನ ಆಚೆ ಇರುತ್ತಾರೆ. ಅವರು ಸರಿದುಹೋಗಲಿ ಅಂತ ಯಾಕೆ ಕಾಯಬೇಕು?

ಇದೇ ವಿಟ್ಬಿಯಲ್ಲಿ ಫ್ರಾಂಕ್ ಮೆಡೋ ಸಟ್‌ಕ್ಲಿಫ್ ಅಂತ ಒಬ್ಬ ಫೋಟೋಗ್ರಾಫರ್ ಇದ್ದರು. ಹುಟ್ಟಿದ್ದು 1853, ತೀರಿಕೊಂಡಿದ್ದು 1941. ಹೊಟ್ಟೆಪಾಡಿಗೆ ಸ್ಟುಡಿಯೋದಲ್ಲಿ ಪ್ರವಾಸಿಗರ ಭಾವಚಿತ್ರ ತೆಗೆಯುತ್ತಿದ್ದರು. ಮನಸ್ಸಿದ್ದದ್ದು ಬಂದರಿನಲ್ಲಿ. ಮರದ ಭಾರೀ ಕ್ಯಾಮೆರಾ, ಗಾಜಿನ ಪ್ಲೇಟುಗಳನ್ನು ಹೊತ್ತುಕೊಂಡು ಹೋಗಿ, ಮಂಜೂ ಹೊಗೆಯೂ ಕಲೆತ ಬೆಳಕಿನಲ್ಲಿ ಹಡಗುಗಳನ್ನು ತೆಗೆದರು. ಬೇಲಿಗೆ ಒರಗಿ ಹರಟುವ ಮುದುಕ ಮೀನುಗಾರರು, ಬುಟ್ಟಿ ಹೊತ್ತ ಹೆಂಗಸರು, ಬರಿಗಾಲಿನ ಹುಡುಗರನ್ನು ತೆಗೆದರು. ಗಾಳಕ್ಕೆ ಸಿಕ್ಕಿಸಲು ಬಂಡೆಯ ಮೇಲಿನ ಚಿಪ್ಪುಹುಳು ಕಿತ್ತು ತರುವ ಕೆಲಸ ಹೆಣ್ಣುಮಕ್ಕಳದ್ದು. ಅವರೂ ಸಟ್‌ಕ್ಲಿಫ್ ಚಿತ್ರಗಳಲ್ಲಿದ್ದಾರೆ. ಇವತ್ತಿನ ಹವ್ಯಾಸಿಗಳು ಸಟ್‌ಕ್ಲಿಫ್ ಅವರ ಮಂಜನ್ನು ಇಟ್ಟುಕೊಂಡು ಜನರನ್ನು ಬಿಟ್ಟುಬಿಟ್ಟಿದ್ದಾರೆ ಅನ್ನುವುದೇ ನನ್ನ ತಕರಾರು.

ಫೋಟೋದಲ್ಲಿ ಜನ ಇರಬೇಕು ಅನ್ನುವ ನಮ್ಮವರ ಆಸೆ ಸರಿಯಾದದ್ದೇ. ಬೆಳಿಗ್ಗೆ ಬಂದು ಮಧ್ಯಾಹ್ನ ಹೊರಡುವ ನಾವೇ ಅದರಲ್ಲಿ ತುಂಬಿಕೊಳ್ಳುತ್ತೇವೆ, ಅಷ್ಟೇ. ಮಲ್ಪೆಯನ್ನೇ ತಗೊಳ್ಳಿ. ಕರಾವಳಿಯಲ್ಲಿ ಇಲ್ಲಿಯಷ್ಟು ದಟ್ಟ ಮಂಜು ಇಲ್ಲ, ನಿಜ. ಆದರೆ ಮಳೆಗಾಲದ ಬೂದು ಬೆಳಕು ಇದೆಯಲ್ಲ! ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೋಣಿಗಳೆಲ್ಲ ಒಂದಕ್ಕೊಂದು ತಾಗಿಕೊಂಡು ಬಂದರಿನಲ್ಲಿ ನಿಂತಿರುತ್ತವೆ. ಬಲೆ ರಿಪೇರಿ ಮಾಡುವವರು ಅಲ್ಲೇ ಕೂತಿರುತ್ತಾರೆ. ಮಳೆ ಜೋರಾದರೆ ಹಿಂದಿನ ಸಾಲಿನ ದೋಣಿಗಳು ಮಾಸಿ ಹೋಗಿ, ಮುಂದೆ ಬಲೆಯ ಮೇಲೆ ಓಡಾಡುವ ಕೈಗಳು ಮಾತ್ರ ಎದ್ದು ಕಾಣುತ್ತವೆ. ಕೇಳಿ, ಮಾತಾಡಿಸಿ, ಅವರು ಹೂಂ ಅಂದಮೇಲೆ ತೆಗೆಯಬೇಕಾದ ಚಿತ್ರ ಅದು.

ಹಳೆಯ ಹಳ್ಳಿ ಚರ್ಚುಗಳ ವಿಷಯದಲ್ಲಿ ಇಲ್ಲಿಯವರು ನಮಗಿಂತ ಮುಂದೆ ಇದ್ದಾರೆ. ವಿಟ್ಬಿಯ ದಕ್ಷಿಣಕ್ಕೆ ರಾಬಿನ್ ಹುಡ್ಸ್ ಬೇ ಅನ್ನುವ ಊರಿನ ಮೇಲಿನ ಗುಡ್ಡದಲ್ಲಿ 1822ರ ಸೇಂಟ್ ಸ್ಟೀಫನ್ ಚರ್ಚು ಇದೆ. ಅಲ್ಲಿ ಈಗ ವಾರವಾರದ ಪ್ರಾರ್ಥನೆ ನಡೆಯುವುದಿಲ್ಲ. ಚರ್ಚಸ್ ಕನ್ಸರ್ವೇಶನ್ ಟ್ರಸ್ಟ್ ಅದನ್ನು ನೋಡಿಕೊಳ್ಳುತ್ತದೆ. ಇಂಥ 350ಕ್ಕೂ ಹೆಚ್ಚು ಚರ್ಚುಗಳು ಆ ಟ್ರಸ್ಟಿನ ವಶದಲ್ಲಿವೆ. ಸೇಂಟ್ ಸ್ಟೀಫನ್ ಒಳಗೆ ಸುತ್ತ ಹಲಗೆ ಕಟ್ಟಿ ಪುಟ್ಟ ಬಾಗಿಲಿಟ್ಟ ಆಸನಗಳಿವೆ. ಮದುವೆಯಾಗದೆ ತೀರಿಕೊಂಡ ಹುಡುಗಿಯರ ಅಂತ್ಯಕ್ರಿಯೆಗೆ ತಂದ, ರಿಬ್ಬನ್ ಸುತ್ತಿದ ಹಾರಗಳನ್ನು ಇನ್ನೂ ಜೋಪಾನವಾಗಿ ಇಟ್ಟಿದ್ದಾರೆ. ಹೊರಗೆ ಸಮುದ್ರದಲ್ಲಿ ಮುಳುಗಿ ಸತ್ತವರ ಹೆಸರಿನ ಕಲ್ಲುಗಳು. ಮಂಜಿನಲ್ಲಿ ಆ ಚರ್ಚಿನ ಚಿತ್ರ ತೆಗೆದರೂ ಅದು ಯಾರದ್ದು ಅನ್ನುವುದು ಅಳಿಸಿಹೋಗುವುದಿಲ್ಲ.

ಹಾಸನದ ಶೆಟ್ಟಿಹಳ್ಳಿ ಚರ್ಚಿನ ಫೋಟೋಗಳನ್ನು ನೀವೂ ನೋಡಿರುತ್ತೀರಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದಮೇಲೆ ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ. ಕಮಾನು, ನೀರು, ಮಂಜು ಮೂರೂ ಇರುವ ಜಾಗ ಅದು. ಮದುವೆಗೆ ಮುಂಚಿನ ಫೋಟೋಶೂಟ್‌ಗೆ ಜೋಡಿಗಳು ಸಾಲುಗಟ್ಟುತ್ತಾರೆ, ಮೇಲೆ ಡ್ರೋನ್ ಹಾರುತ್ತದೆ. ಅಲ್ಲಿ ಪ್ರಾರ್ಥನೆ ಮಾಡುತ್ತಿದ್ದ ಜನ ಹಿನ್ನೀರಿಗೆ ಮನೆ, ಹೊಲ ಬಿಟ್ಟು ಬೇರೆ ಕಡೆ ಹೋಗಬೇಕಾಯಿತು. ಆ ಮನೆತನಗಳ ಹಿರಿಯರಿಗೆ ಯಾವ ಕಡೆ ಬಾಗಿಲಿತ್ತು, ಎಲ್ಲಿ ಕೂರುತ್ತಿದ್ದೆವು ಅನ್ನುವುದು ನೆನಪಿರುತ್ತದೆ. ಯಾರಾದರೂ ಅವರನ್ನು ಹುಡುಕಿಕೊಂಡು ಹೋಗಿ, ಬರುವ ಮನಸ್ಸಿದ್ದರೆ ಕರೆದುಕೊಂಡು ಬಂದು, ಆ ಗೋಡೆಗಳ ನಡುವೆ ನಿಲ್ಲಿಸಿ ಫೋಟೋ ತೆಗೆಯಬೇಕು. ಕೆಳಗೆ ಅವರ ಹೆಸರು, ಅವರು ಹೇಳಿದ ನಾಲ್ಕು ಮಾತು ಹಾಕಬೇಕು. ಆ ಹಿರಿಯರಿಗೆ ವಯಸ್ಸಾಗುತ್ತಿದೆ, ಗೋಡೆಗಳೂ ವರ್ಷ ವರ್ಷ ನೀರಿನಲ್ಲಿ ನೆನೆದು ಕುಸಿಯುತ್ತಿವೆ. ಹತ್ತಿರದಲ್ಲಿ ಇರುವವರು ಈ ಸಲವೇ ಹೊರಡಿ.